ಬೀಜ ಕಾಯುವುದಿಲ್ಲ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಊಟಕ್ಕೆ ಕುಳಿತವರ ತಾಟಿನಲ್ಲಿ ಜೋಳದ ರೊಟ್ಟಿಯ ಮಗ್ಗುಲಿಗೆ ಉಳ್ಳಾಗಡ್ಡಿ ಇರದಿದ್ದರೆ ಏನೋ ಕೊರತೆಯಾದಂತೆಯೇ ಸರಿ. ಹಿಂಡಿ, ಮೊಸರು, ಝುಣಕ ಎಲ್ಲವೂ ಇದ್ದು, ಮುಷ್ಟಿಯಿಂದ ಗುದ್ದಿ ಒಡೆದ ಗಡ್ಡೆಯೊಂದು ಕಾಣದಿದ್ದರೆ ಮನೆಯ ಯಜಮಾನರು ಒಮ್ಮೆ ಅಡಿಗೆಮನೆಯ ಕಡೆಗೆ ಕಣ್ಣು ಹಾಯಿಸದೆ ಇರುವುದಿಲ್ಲ. ಇಷ್ಟು ಬೇಕಾದ ಈ ವಸ್ತುವನ್ನು ಬೀಜ ಬಿತ್ತಿ ಬೆಳೆದು ನೋಡಿದ ಪಟ್ಟಣದ ಮನೆಗಳೆಷ್ಟು? ಸಂತೆಯಿಂದ ತಂದೆವು, ಬುಟ್ಟಿಯಲ್ಲಿ ಸುರಿದೆವು, ಬೆಲೆ ಏರಿದಾಗ ಗೊಣಗಿದೆವು. ನಮ್ಮ ಪರಿಚಯ ಅಷ್ಟಕ್ಕೇ ಮುಗಿಯುತ್ತದೆ. ನನ್ನ ಪರಿಚಯವೂ ಅಷ್ಟೇ ಆಗಿತ್ತು. ಅದನ್ನು ಬೆಳೆಸಿದ್ದು ಒಂದು ಸೋಲು.

ಕೆಲವು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ನೌಕರಿಯಲ್ಲಿರುವ ನನ್ನ ಅಳಿಯ ರಜೆಗೆ ಊರಿಗೆ ಬಂದಾಗ ಲೀಕ್ ಎಂಬ ತರಕಾರಿಯ ಬೀಜದ ಚೀಟಿಯೊಂದನ್ನು ತಂದುಕೊಟ್ಟ. ಅದನ್ನು ಇಡಲೆಂದು ಕಪಾಟು ತೆರೆದಾಗ ಅವ್ವನ ಬಟ್ಟೆಯ ಗಂಟು ಕೈಗೆ ಬಂತು. ಅವ್ವ ತೀರಿಕೊಂಡು ಆಗಲೇ ಮೂರು ವರ್ಷ ಕಳೆದಿದ್ದವು. ಪ್ರತಿವರ್ಷವೂ ಹಿತ್ತಲಲ್ಲಿ ಆಕೆ ಬಿತ್ತುತ್ತಿದ್ದ ಕೆಂಪು ಉಳ್ಳಾಗಡ್ಡಿಯ ಬೀಜ ಅದು. ಆಕೆಯ ನೆನಪೆಂದು ನಾನದನ್ನು ಬಿಚ್ಚದೆ, ಕದಲಿಸದೆ, ಜೋಪಾನವಾಗಿ ಇಟ್ಟಿದ್ದೆ.

ನವರಾತ್ರಿಯಲ್ಲಿ ಘಟಸ್ಥಾಪನೆಯ ದಿನ ಎರಡು ಮಡಿಗಳನ್ನು ಸಿದ್ಧಪಡಿಸಿ, ಒಂದರಲ್ಲಿ ಅವ್ವನ ಬೀಜವನ್ನೂ ಇನ್ನೊಂದರಲ್ಲಿ ಲೀಕಿನ ಬೀಜವನ್ನೂ ಬಿತ್ತಿದೆ. ದೇವರ ಮುಂದಿನ ಘಟದ ಸುತ್ತ ಧಾನ್ಯದ ಸಸಿಗಳು ಎದ್ದು ನಿಂತವು. ಹನ್ನೆರಡನೆಯ ದಿನ ಪರದೇಶದ ಬೀಜವೂ ಮೊಳಕೆಯೊಡೆಯಿತು. ಅವ್ವನ ಮಡಿ ಮಾತ್ರ ಬರಿದಾಗಿಯೇ ಉಳಿಯಿತು. ಇಪ್ಪತ್ತು ದಿನ ನೀರುಣಿಸಿದೆ. ಒಂದು ಎಳೆಯೂ ಮೇಲೆ ಬರಲಿಲ್ಲ.

ಅಲ್ಪಾಯುಷಿ ಬೀಜ

ಬದನೆ, ಟೊಮೆಟೊಗಳ ಬೀಜ ನಾಲ್ಕಾರು ವರ್ಷ ಜೀವ ಹಿಡಿದಿರುವುದುಂಟು. ಉಳ್ಳಾಗಡ್ಡಿಯ ಕುಲಕ್ಕೆ ಆ ಭಾಗ್ಯವಿಲ್ಲ. ಮನೆಯಲ್ಲಿ ಸಾಧಾರಣವಾಗಿ ಇಟ್ಟ ಬೀಜ ಗಾಳಿಯ ತೇವವನ್ನು ಹೀರಿಕೊಳ್ಳುತ್ತ, ಸೆಕೆಯಲ್ಲಿ ಬೇಯುತ್ತ, ಒಳಗಿನ ಕಸುವನ್ನು ಬೇಗನೆ ಕಳೆದುಕೊಳ್ಳುತ್ತದೆ. ಒಂದು ವರ್ಷ ಕಳೆಯಿತೆಂದರೆ ಅದನ್ನು ನೆಚ್ಚುವಂತಿಲ್ಲ. ಚೆನ್ನಾಗಿ ಒಣಗಿಸಿ, ಗಾಳಿಯಾಡದ ಶೀಶೆಯಲ್ಲಿ ತುಂಬಿ, ತಂಪಾದ ಕಡೆ ಇಟ್ಟರೆ ಇನ್ನೂ ಕೆಲಕಾಲ ಬಾಳೀತು. ಬಟ್ಟೆಯ ಗಂಟಿನಲ್ಲಿ ಮೂರು ಬೇಸಿಗೆ ಕಂಡ ಬೀಜದಲ್ಲಿ ಜೀವವೆಲ್ಲಿಯದು?

ಆದ್ದರಿಂದ ಬೀಜ ಕೊಳ್ಳುವ ಗೃಹಿಣಿಯರು ಬಣ್ಣದ ಚಿತ್ರಕ್ಕೆ ಮರುಳಾಗದೆ ಚೀಟಿಯ ಮೇಲಿನ ತಾರೀಖನ್ನು ಮೊದಲು ನೋಡಬೇಕು. ಸಂಶಯವಿದ್ದಲ್ಲಿ ೨೦ ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಪಾದ ಮೂಲೆಯಲ್ಲಿಡಿರಿ. ಹತ್ತು ಹನ್ನೆರಡು ದಿನಗಳಲ್ಲಿ ೧೪-೧೫ ಮೊಳೆತರೆ ಬಿತ್ತಲು ಅಡ್ಡಿಯಿಲ್ಲ. ನಾಲ್ಕೈದು ಮಾತ್ರ ಮೊಳೆತರೆ ಶ್ರಮವೆಲ್ಲ ನೀರುಪಾಲು.

ಪರದೇಶದ ನೆಂಟ

ಲೀಕ್ ಉಳ್ಳಾಗಡ್ಡಿಯ ದಾಯಾದಿ. ರೋಮಿನ ಚಕ್ರವರ್ತಿ ನೀರೋ ತನ್ನ ಕಂಠ ಇಂಪಾಗಿರಲೆಂದು ಇದನ್ನು ಎಣ್ಣೆಯೊಡನೆ ತಿನ್ನುತ್ತಿದ್ದನೆಂದು ಪ್ಲಿನಿ ಎಂಬ ಪ್ರಾಚೀನ ಗ್ರಂಥಕಾರ ಬರೆದಿದ್ದಾನೆ. ಬ್ರಿಟನ್ನಿನ ವೇಲ್ಸ್ ನಾಡಿಗೆ ಇದೇ ರಾಷ್ಟ್ರಚಿಹ್ನೆ. ಮಾರ್ಚ್ ೧ರಂದು, ಸಂತ ಡೇವಿಡನ ಹಬ್ಬದ ದಿನ, ಅಲ್ಲಿಯವರು ಇದನ್ನು ಅಂಗಿಗೆ ಸಿಕ್ಕಿಸಿಕೊಳ್ಳುತ್ತಾರೆ.

ಇದಕ್ಕೆ ಗುಂಡನೆಯ ಗಡ್ಡೆಯಿಲ್ಲ. ಎಲೆಗಳ ಬುಡವೇ ಒಂದರೊಳಗೊಂದು ಸುತ್ತಿಕೊಂಡು ಉದ್ದನೆಯ ಬಿಳಿಯ ದಂಡಾಗುತ್ತದೆ. ತಿನ್ನುವ ಭಾಗ ಅದೇ. ಗಡ್ಡೆಯಿಲ್ಲದಿರುವುದೇ ನಮಗೆ ಅನುಕೂಲವಾಯಿತು. ಉಳ್ಳಾಗಡ್ಡಿಯು ಗಡ್ಡೆ ಕಟ್ಟಬೇಕಾದರೆ ಹಗಲು ಇಂತಿಷ್ಟು ಉದ್ದವಿರಬೇಕೆಂಬ ನಿಯಮವುಂಟು. ಇಂಗ್ಲೆಂಡಿನ ತಳಿಗಳು ಅಲ್ಲಿಯ ಬೇಸಿಗೆಯ ದೀರ್ಘವಾದ ಹಗಲಿಗೆ ಒಗ್ಗಿದವು. ನಮ್ಮ ಚಳಿಗಾಲದ ಮೋಟು ಹಗಲಿನಲ್ಲಿ ಅವು ಬರಿಯ ತಪ್ಪಲಾಗಿಯೇ ಉಳಿದಾವು. ಲೀಕಿಗೆ ಈ ತೊಡಕಿಲ್ಲ. ಅದು ಬೇಡುವುದು ತಂಪನ್ನು, ತೇವವನ್ನು ಮತ್ತು ನಮ್ಮ ತಾಳ್ಮೆಯನ್ನು.

ಬಿತ್ತುವ ಬಗೆ

ನಮ್ಮ ಎರೆಮಣ್ಣು ನೀರು ಕುಡಿದರೆ ಅಂಟು, ಒಣಗಿದರೆ ಬಿರುಕು. ಕೂದಲಿನಂತಹ ಮೊಳಕೆ ಅದನ್ನು ಸೀಳಿ ಬರಲಾರದು. ಆದಕಾರಣ ಮೂರಡಿ ಅಗಲದ, ಅರ್ಧ ಅಡಿ ಎತ್ತರದ ಏರುಮಡಿ ಮಾಡಿ, ಮಣ್ಣಿಗೆ ಮರಳನ್ನೂ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನೂ ಬೆರೆಸಬೇಕು. ಹಸಿಗೊಬ್ಬರ ಸರ್ವಥಾ ಕೂಡದು. ಅಂಗಳವಿಲ್ಲದವರು ತಳಕ್ಕೆ ತೂತು ಕೊರೆದ ಹಳೆಯ ಡಬ್ಬಿಯಲ್ಲಿಯೂ ಸಸಿ ಮಾಡಬಹುದು.

ಹಸ್ತ, ಚಿತ್ತ ಮಳೆಗಳ ಕಾಲ, ಎಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೂರನೆಯ ವಾರದವರೆಗೆ, ಬಿತ್ತನೆಗೆ ತಕ್ಕ ಸಮಯ. ಬಿಸಿಲಿನ ಝಳ ಹೆಚ್ಚಿದ್ದರೆ ಲೀಕ್ ಮೊಳೆಯುವುದೇ ಇಲ್ಲ. ಬೆರಳಗಲಕ್ಕೊಂದು ಗೆರೆ ಎಳೆದು, ಕಾಲು ಅಂಗುಲಕ್ಕಿಂತ ತುಸು ಹೆಚ್ಚು ಆಳಕ್ಕೆ ವಿರಳವಾಗಿ ಬೀಜ ಉದುರಿಸಿ, ಸಣ್ಣ ಗೊಬ್ಬರದಿಂದ ಮುಚ್ಚಿ, ಮೇಲೆ ತೆಳ್ಳಗೆ ಹುಲ್ಲು ಹರಡಬೇಕು. ಒಂದು ಗ್ರಾಮಿನಲ್ಲಿ ಸುಮಾರು ೩೦೦ ಬೀಜಗಳಿರುವುದರಿಂದ ಸಂಸಾರವೊಂದಕ್ಕೆ ಅಷ್ಟೇ ಧಾರಾಳ. ನೀರನ್ನು ಝಾರಿಯಿಂದ ನವಿರಾಗಿ ಹಾಕಬೇಕು. ಸವಳು ನೀರು ಈ ಕುಲಕ್ಕೆ ಆಗದು.

ಉಳ್ಳಾಗಡ್ಡಿ ಏಳರಿಂದ ಹತ್ತು ದಿನಗಳಲ್ಲಿ, ಲೀಕ್ ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಮೊಳೆಯುತ್ತದೆ. ಮೊಳಕೆ ನೆಟ್ಟಗೆ ಬರುವುದಿಲ್ಲ. ನೆಲದೊಳಗಿಂದ ಯಾರೋ ಮೊಣಕಾಲು ಮಡಚಿ ಏಳುತ್ತಿರುವಂತೆ ಬಾಗಿಕೊಂಡು ಬಂದು ಆಮೇಲೆ ತಲೆಯೆತ್ತುತ್ತದೆ. ಅವಸರದಿಂದ ಅದನ್ನು ನೆಟ್ಟಗೆ ಮಾಡಹೋಗಬಾರದು. ಮೊಳಕೆ ಕಂಡೊಡನೆ ಹುಲ್ಲು ತೆಗೆಯಬೇಕು. ನೀರು ನಿಂತರೆ ಸಸಿಗಳು ಬುಡದಲ್ಲಿ ಕೊಳೆತು ಮಲಗುತ್ತವೆ.

ನಾಟಿ ಮತ್ತು ಆರೈಕೆ

ಉಳ್ಳಾಗಡ್ಡಿಯ ಅಗಿ ಆರೇಳು ವಾರಕ್ಕೆ ನಾಟಿಗೆ ಬರುತ್ತದೆ. ಅಂಗೈಯಗಲದ ಸಾಲುಗಳಲ್ಲಿ ನಾಲ್ಕು ಬೆರಳಿಗೊಂದರಂತೆ, ಬೇರು ಮುಚ್ಚುವಷ್ಟೇ ಆಳಕ್ಕೆ ಹಚ್ಚಿದರಾಯಿತು. ಲೀಕಿನ ರೀತಿಯೇ ಬೇರೆ. ಸಸಿ ಸೀಸದ ಕಡ್ಡಿಯಷ್ಟು ದಪ್ಪವಾಗುವವರೆಗೆ ಎರಡು ತಿಂಗಳಾದರೂ ಕಾಯಬೇಕು. ಬಳಿಕ ಗೂಟದಿಂದ ಅರ್ಧ ಅಡಿ ಆಳದ ಕುಳಿ ಚುಚ್ಚಿ, ಒಂದೊಂದರಲ್ಲಿ ಒಂದೊಂದು ಸಸಿ ಇಳಿಬಿಟ್ಟು, ಮಣ್ಣು ತುಂಬದೆ ಬರಿಯ ನೀರು ಹೊಯ್ಯಬೇಕು. ನೀರಿನೊಡನೆ ಜಾರಿದ ಮಣ್ಣೇ ಬೇರಿಗೆ ಸಾಕು. ಸಸಿ ಬೆಳೆದಂತೆ ಬುಡಕ್ಕೆ ಮಣ್ಣೇರಿಸುತ್ತ ಹೋದರೆ ಬೆಳಕು ಕಾಣದ ಭಾಗ ಬೆಳ್ಳಗೆ, ಮೆತ್ತಗೆ ಆಗುತ್ತದೆ.

ಎಲೆಗಳ ಮೇಲೆ ಬೆಳ್ಳಿಯಂತಹ ಗೀರುಗಳು ಕಂಡರೆ ನುಸಿ ಬಿದ್ದಿದೆಯೆಂದು ತಿಳಿಯಿರಿ. ಒಣಹವೆಯಲ್ಲಿ ಅದರ ಕಾಟ ಹೆಚ್ಚು. ಕೈತೋಟಕ್ಕೆ ಝಾರಿಯ ನೀರಿನಿಂದ ಎಲೆ ತೊಳೆಯುವುದು, ಬೇವಿನೆಣ್ಣೆಯನ್ನು ಸಾಬೂನಿನ ನೀರಿನಲ್ಲಿ ಕದಡಿ ಚಿಮುಕಿಸುವುದು ಸಾಕಾಗುತ್ತದೆ.

ಹೊಸ ವರ್ಷ ಹುಟ್ಟುವ ಹೊತ್ತಿಗೆ ಉಳ್ಳಾಗಡ್ಡಿಯ ತಪ್ಪಲು ರೊಟ್ಟಿಯ ಜೊತೆಗೆ ಬಂದೀತು. ಲೀಕನ್ನು ಶಿವರಾತ್ರಿಯಿಂದ ಯುಗಾದಿಯೊಳಗೆ, ಪೂರ್ಣ ದಪ್ಪವಾಗದಿದ್ದರೂ ಎಳೆಯದಾಗಿಯೇ ಕಿತ್ತುಬಿಡುವುದು ಲೇಸು. ನಮ್ಮ ಬೇಸಿಗೆಯನ್ನು ಅದು ತಾಳಲಾರದು. ಉದ್ದಕ್ಕೆ ಸೀಳಿ ಪದರಗಳ ನಡುವಿನ ಮಣ್ಣು ತೊಳೆದು, ಹೆಸರುಬೇಳೆಯೊಡನೆ ಪಲ್ಯ ಮಾಡಿದೆ. ಅತ್ತೆಯವರು ಎರಡು ಸಲ ಬಡಿಸಿಕೊಂಡು, “ಉಳ್ಳಾಗಡ್ಡಿನ, ಆದ್ರ ಸಿಟ್ಟಿಲ್ಲ” ಎಂದರು. ಲೀಕಿಗೆ ಇದಕ್ಕಿಂತ ಒಳ್ಳೆಯ ವರ್ಣನೆ ನನಗೆ ಸಿಕ್ಕಿಲ್ಲ.

ತಿರುಗಿ ಬಂದ ಬೀಜ

ಆದರೂ ಬರಿದಾಗಿ ಉಳಿದ ಆ ಮಡಿ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಸೀರೆ ತರಲೆಂದು ಬನಹಟ್ಟಿಗೆ ಹೋದಾಗ ಅವ್ವನ ಗೆಳತಿಯಾಗಿದ್ದ ನೇಕಾರರ ಮನೆಯ ಹಿರಿಯರೊಬ್ಬರ ಮುಂದೆ ಈ ಸಂಗತಿ ಹೇಳಿದೆ. ಮಗ್ಗದ ಸಪ್ಪಳದ ನಡುವೆ ಅವರು ನಕ್ಕು, “ಅದಕ್ಯಾಕ ಮಾರಿ ಸಣ್ಣ ಮಾಡ್ತಿ, ತಂಗಿ? ನಿಮ್ಮ ಅವ್ವಾರು ಕೊಟ್ಟ ಬೀಜಾನ ನಾವು ವರ್ಷಾ ಹಾಕತೀವಿ” ಎಂದು ಹಿತ್ತಲಿಗೆ ಕರೆದೊಯ್ದರು. ಅಲ್ಲಿ ಟೊಳ್ಳು ದಂಡುಗಳ ತುದಿಯಲ್ಲಿ ಬಿಳಿಯ ಹೂಚೆಂಡುಗಳು ನಿಂತಿದ್ದವು. ಸುತ್ತ ಜೇನು ಮೊರೆಯುತ್ತಿತ್ತು.

ಬೀಜ ಮಾಡುವ ಕ್ರಮವನ್ನೂ ಅವರೇ ತಿಳಿಸಿದರು. ಹಿಂದಿನ ಬೆಳೆಯ ಒಳ್ಳೆಯ ಗಡ್ಡೆಗಳನ್ನು ಆರಿಸಿ ಕಾರ್ತಿಕದಲ್ಲಿ ನೆಡಬೇಕು. ಚಳಿಗಾಲದಲ್ಲಿ ಹೂದಂಡು ಏಳುತ್ತದೆ. ಬೇಸಿಗೆಯ ಆರಂಭಕ್ಕೆ ಚೆಂಡಿನಲ್ಲಿ ಅಲ್ಲಲ್ಲಿ ಸಿಪ್ಪೆ ಬಿರಿದು ಕರಿಯ ಬೀಜ ಇಣುಕಿದಾಗ ಕೊಯ್ದು, ನೆರಳಿನಲ್ಲಿ ಒಣಗಿಸಿ, ತಿಕ್ಕಿ, ಕೇರಿಡಬೇಕು. ಜೇನುಹುಳು ಪರಾಗವನ್ನು ದೂರದಿಂದಲೂ ಹೊತ್ತು ತರುವುದರಿಂದ, ಹತ್ತಿರದಲ್ಲಿ ಬೇರೆ ತಳಿಯೂ ಹೂಬಿಟ್ಟಿದ್ದರೆ ಬೀಜ ಬೆರಕೆಯಾಗುತ್ತದೆ. ಲೀಕಿನ ಬೀಜವನ್ನು ಮಾತ್ರ ಪ್ರತಿವರ್ಷ ಹೊಸದಾಗಿಯೇ ಕೊಳ್ಳಬೇಕು. ಅದು ಹೂಬಿಡಲು ಬೇಕಾದಷ್ಟು ಚಳಿ ನಮ್ಮಲ್ಲಿಲ್ಲ.

ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಕಲ್ಯಾಣ, ಅರ್ಕಾ ನಿಕೇತನಗಳಂತಹ ಒಳ್ಳೆಯ ತಳಿಗಳು ಇಂದು ದೊರೆಯುತ್ತವೆ. ೨೦೦೮ರಲ್ಲಿ ಆರಂಭವಾದ ತೋಟಗಾರಿಕೆ ವಿಶ್ವವಿದ್ಯಾಲಯವೂ ನಮ್ಮ ಬಾಗಲಕೋಟೆಯಲ್ಲಿಯೇ ಇದೆ. ಹೊಸಬರು ಅವುಗಳಿಂದ ಆರಂಭಿಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಮನೆತನಗಳಲ್ಲಿ ಉಳಿದುಬಂದ ಬೀಜವು ಅಂಗಡಿಯಲ್ಲಿ ಸಿಗುವಂಥದಲ್ಲ. ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟಾಗಿ ಹಿನ್ನೀರು ಏರಿದಾಗ ಬೀಳಗಿ ತಾಲ್ಲೂಕಿನ ಎಷ್ಟೋ ಸಂಸಾರಗಳು ಹಿತ್ತಲು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಹೊರಟವು. ಪಾತ್ರೆಪಡಗ, ತೊಟ್ಟಿಲು, ದೇವರ ಪೆಟ್ಟಿಗೆಗಳನ್ನು ಯಾವಾಗ ಬೇಕಾದರೂ ಬಿಚ್ಚಿಕೊಳ್ಳಬಹುದು. ಇಂತಹ ಬೀಜದ ಗಂಟು ಹಾಗಲ್ಲ; ಎರಡು ವರ್ಷ ಬಿಚ್ಚುವುದು ತಪ್ಪಿತೆಂದರೆ ಒಳಗೆ ಉಳಿಯುವುದು ಬರಿಯ ಕರಿಯ ಕಾಳು.

ಅವ್ವ ಅನ್ನುತ್ತಿದ್ದಳು: “ಬೀಜಾ ಇಟಗೊಂಡು ಕುಂಡ್ರಬಾರದು, ಬಿತ್ತಬೇಕು, ಇಲ್ಲಾ ಕೊಡಬೇಕು.” ಜೋಪಾನ ಮಾಡಿದ ನನ್ನಲ್ಲಿ ಅದು ಸತ್ತಿತು, ಆಕೆ ಕೊಟ್ಟ ಮನೆಯಲ್ಲಿ ಬದುಕಿತು. ಬನಹಟ್ಟಿಯಿಂದ ತಂದ ಒಂದು ಹಿಡಿ ಬೀಜವನ್ನು ಮರು ನವರಾತ್ರಿಯಲ್ಲಿ ಬಿತ್ತಿದೆ. ಒಂಬತ್ತನೆಯ ದಿನ ಮಡಿಯ ತುಂಬ ಮೊಣಕಾಲು ಮಡಚಿದ ಹಸಿರು ಎಳೆಗಳು ಎದ್ದವು. ಈಗ ಪ್ರತಿವರ್ಷ ಬೀಜ ಕೇರಿದ ದಿನವೇ ಮೂರು ಪೊಟ್ಟಣ ಕಟ್ಟುತ್ತೇನೆ: ಒಂದು ನನಗೆ, ಒಂದು ಮುಧೋಳದ ತಂಗಿಗೆ, ಇನ್ನೊಂದು ಯಾರು ಕೇಳಿದರೆ ಅವರಿಗೆ.