ಬಾಟಲಿ ಕಂಡೊಡನೆ ಮಿದುಳಿನಲ್ಲಿ ಏನಾಗುತ್ತದೆ?

ಕುಡಿತ ಬಿಟ್ಟು ತಿಂಗಳುಗಳೇ ಆಗಿರುತ್ತವೆ.
ಬಾರಿನ ಬೋರ್ಡು,
ಗ್ಲಾಸಿಗೆ ಐಸ್ ಬಿದ್ದ ಸದ್ದು.
ಅಷ್ಟಕ್ಕೇ ಕಾಲು ಅತ್ತ ಎಳೆಯುವುದೇಕೆ?

ಮಿದುಳಿನ ನಡುವೆ ಡೋಪಮಿನ್ ಎಂಬ ರಾಸಾಯನಿಕ ಸುರಿಸುವ ನರಕೋಶಗಳ ಪುಟ್ಟ ಗುಂಪಿದೆ.
1990ರ ದಶಕದಲ್ಲಿ ವಿಜ್ಞಾನಿ ವುಲ್ಫ್‌ರಾಮ್ ಶುಲ್ಟ್ಜ್ ಕೋತಿಗಳಲ್ಲಿ ಇವುಗಳನ್ನು ಗಮನಿಸಿದರು.
ಮೊದಮೊದಲು ಹಣ್ಣಿನ ರಸ ಬಾಯಿಗೆ ಬಿದ್ದಾಗ ಕೋಶಗಳು ಚುರುಕಾದವು.
ರಸಕ್ಕೆ ಮುಂಚೆ ಸೂಚನೆ ಸಿಗುವುದು ರೂಢಿಯಾದ ಮೇಲೆ?
ಸೂಚನೆಗೇ ಚುರುಕು.
ರಸ ಬಂದಾಗ ತೆಪ್ಪಗೆ!

ತಂಬಿಗೆಯ ಸದ್ದಿಗೇ ಹಸು ಸೊರೆ ಬಿಡುತ್ತದಲ್ಲ, ಹಾಗೆ.

ಮದ್ಯದಲ್ಲೂ ಇದೇ ಕಥೆ.
ವಾಸನೆ, ಸಂಜೆಯ ಹೊತ್ತು, ಹಳೆಯ ಗೆಳೆಯ,
ಇವಕ್ಕೂ ಕುಡಿತಕ್ಕೂ ಇರುವ ನಂಟನ್ನು ಮಿದುಳಿನ ಅಮಿಗ್ಡಲ ಎಂಬ ಭಾಗ ಕಾಪಿಡುತ್ತದೆ.
ಸುಳಿವು ಸಿಕ್ಕರೆ ಮಿದುಳಿನ ಇನ್ನೊಂದು ಭಾಗವಾದ ನ್ಯೂಕ್ಲಿಯಸ್ ಅಕಂಬೆನ್ಸ್‌ನಲ್ಲಿ ಡೋಪಮಿನ್ ಏರುತ್ತದೆ.
ಬೇಕೆಂಬ ಸೆಳೆತ ಹುಟ್ಟುತ್ತದೆ.
ಸುಖದ ಲೆಕ್ಕ ಬೇರೆ.
ಹಾಗಾಗಿಯೇ, ಕುಡಿದರೂ ಖುಷಿಯಿಲ್ಲ ಎನ್ನುವವರಿಗೂ ಸೆಳೆತ ತಪ್ಪುವುದಿಲ್ಲ.

ವರ್ಷಗಟ್ಟಲೆ ಕುಡಿದವರಲ್ಲಿ ಅಭ್ಯಾಸದ ಭಾಗದ ಕೈ ಮೇಲಾಗುತ್ತದೆ.
ತಡೆಯಬೇಕಾದ ಹಣೆಯ ಹಿಂದಿನ ಭಾಗ ಸೊರಗುತ್ತದೆ.

ಇಲಿಗಳನ್ನೇ ನೋಡಿ.
ಒಂದು ಪಂಜರದಲ್ಲಿ ಮದ್ಯಕ್ಕಾಗಿ ಸನ್ನೆಕೋಲು ಒತ್ತಲು ಕಲಿತು, ಬೇರೆ ಪಂಜರದಲ್ಲಿ ಅದನ್ನು ಬಿಟ್ಟಿರುತ್ತವೆ.
ಹಳೆಯ ಪಂಜರಕ್ಕೆ ಬಂದೊಡನೆ ಮತ್ತೆ ಒತ್ತತೊಡಗುತ್ತವೆ.
ಮದ್ಯದ ಒಂದು ಹನಿಯೂ ಸಿಗದಿದ್ದರೂ.

ನೆರವಿಗೆ ಔಷಧವೂ ಇದೆ: ನಾಲ್ಟ್ರೆಕ್ಸೋನ್ ಎಂಬ ಮಾತ್ರೆ ಕುಡಿತದ ಸುಖವನ್ನು ತಗ್ಗಿಸುತ್ತದೆ.
ಕೆಲವರಲ್ಲಿ ಸೆಳೆತವನ್ನೂ.
ಅದನ್ನು ವೈದ್ಯರೇ ಬರೆದುಕೊಡಬೇಕು.