ಶೇಂಗಾ ಇಲ್ಲದ ತಿಂಡಿಯ ಡಬ್ಬಿ

ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಶಾಲೆ ಬಿಡುತ್ತದೆ. ನಾಲ್ಕು ಗಂಟೆಗೆ ಟಾರ್ನೀಟಿನ ನಮ್ಮ ಮನೆಯ ಬಾಗಿಲಲ್ಲಿ ಪುಸ್ತಕದ ಚೀಲ ಒಂದು ಮೂಲೆಗೂ ಬೂಟುಗಳು ಇನ್ನೊಂದು ಮೂಲೆಗೂ ಬೀಳುತ್ತವೆ. ಆಮೇಲೆ ಬರುವ ಪ್ರಶ್ನೆ ಒಂದೇ: "ಅಮ್ಮಾ, ತಿನ್ನೋಕೆ ಏನಿದೆ?" ಈ ಪ್ರಶ್ನೆಗೆ ಮೆಲ್ಬರ್ನ್ ಆದರೇನು, ಮಂಡ್ಯವಾದರೇನು? ಮಕ್ಕಳಿರುವ ಮನೆಗಳಲ್ಲೆಲ್ಲ ಇದು ದಿನಕ್ಕೊಮ್ಮೆ ಕೇಳಿಬರುವಂಥದೇ. ಬದಲಾಗುವುದು ಉತ್ತರ ಮಾತ್ರ.

ನಾನು ಚಳ್ಳಕೆರೆಯ ಹೆಣ್ಣುಮಗಳು. ಎಣ್ಣೆಯ ಗಿರಣಿಗಳಿಂದಲೇ ಹೆಸರು ಪಡೆದ ಆ ಊರಿನಲ್ಲಿ ಗಾಳಿ ಬೀಸಿದರೂ ಶೇಂಗಾದ ವಾಸನೆ ಬರುತ್ತಿತ್ತು. (ಮೈಸೂರು ಸೀಮೆಯವರು ಕಡಲೆಕಾಯಿ ಎನ್ನುವುದನ್ನು ನಾವು ಶೇಂಗಾ ಎನ್ನುತ್ತೇವೆ, ಈ ಹೆಸರಿನ ವ್ಯತ್ಯಾಸದಿಂದಲೂ ಒಂದು ತೊಡಕುಂಟು, ಅದನ್ನು ಮುಂದೆ ಹೇಳುತ್ತೇನೆ.) ಶಾಲೆಯಿಂದ ಬಂದೊಡನೆ ನಮಗೆ ಸಿಗುತ್ತಿದ್ದುದು ಹುರಿದ ಶೇಂಗಾ, ಅದಿಲ್ಲದಿದ್ದರೆ ಶೇಂಗಾ ಉಂಡೆ, ಶೇಂಗಾ ಬೆರೆಸಿದ ಮಂಡಕ್ಕಿ, ಹಬ್ಬದ ದಿನಗಳಲ್ಲಿ ಶೇಂಗಾ ಹೋಳಿಗೆ. ತಿಂಡಿಯೆಂದರೆ ಶೇಂಗಾ, ಶೇಂಗಾ ಎಂದರೆ ತಿಂಡಿ ಎಂಬ ಸಮೀಕರಣವನ್ನು ತಲೆಯಲ್ಲಿ ಹೊತ್ತುಕೊಂಡೇ ನಾನು ವಿಮಾನ ಹತ್ತಿದೆ.

ಮಗ ಪ್ರೆಪ್ ತರಗತಿಗೆ ಸೇರಿದ ಎರಡನೆಯ ವಾರ ಅವನ ಡಬ್ಬಿಯಲ್ಲಿ ಎರಡು ಶೇಂಗಾ ಉಂಡೆಗಳನ್ನಿಟ್ಟು ಕಳುಹಿಸಿದೆ. ಉಂಡೆಗಳು ಹಾಗೆಯೇ ಹಿಂದಿರುಗಿದವು. ಮುಚ್ಚಳದ ಮೇಲೆ ಉಪಾಧ್ಯಾಯಿನಿಯವರ ಕೈಬರಹದ ಚೀಟಿ ಅಂಟಿತ್ತು: ತರಗತಿಯಲ್ಲಿ ಶೇಂಗಾ ಒಗ್ಗದ ಮಗುವೊಂದಿದೆ, ದಯವಿಟ್ಟು ಇದನ್ನು ಕಳುಹಿಸಬೇಡಿ. ಶಾಲೆಗೆ ಸೇರಿಸುವಾಗ ಕೊಟ್ಟ ಕಾಗದಗಳಲ್ಲಿಯೂ ಇದೇ ಮಾತು ಅಚ್ಚಾಗಿತ್ತು. ಓದದೆ ಸಹಿ ಹಾಕಿದವಳು ನಾನು. ಆದರೂ ಆ ಸಂಜೆ ನನಗೆ ಆದದ್ದು ನಾಚಿಕೆಯಲ್ಲ, ಸಿಟ್ಟು. ನನ್ನ ಊರನ್ನೇ ಯಾರೋ ಹಿಂದಕ್ಕೆ ಕಳುಹಿಸಿದರೆಂಬ ಸಿಟ್ಟು. ದೂರವಾಣಿಯಲ್ಲಿ ಅಮ್ಮ ಅದಕ್ಕೆ ತುಪ್ಪ ಸುರಿದಳು: "ಅಲ್ವೇ, ಶೇಂಗಾ ತಿಂದು ಯಾರಾದ್ರೂ ಸಾಯ್ತಾರೇನೇ?"

ಸಾಯುತ್ತಾರೆ. ಅದನ್ನು ತಿಳಿದುಕೊಳ್ಳಲು ನನಗೆ ಕೆಲವು ದಿನಗಳು ಬೇಕಾದವು. ತೀವ್ರ ಅಲರ್ಜಿ ಇರುವ ಮಗುವಿಗೆ ಒಂದು ತುಣುಕಿನಿಂದಲೇ ನಿಮಿಷಗಳಲ್ಲಿ ನಾಲಿಗೆ, ಗಂಟಲು ಊದಿ ಉಸಿರು ಕಟ್ಟಬಹುದು, ರಕ್ತದೊತ್ತಡ ಕುಸಿಯಬಹುದು. ಆಗ ತೊಡೆಯ ಹೊರಬದಿಗೆ ಅಡ್ರಿನಲಿನ್ ಚುಚ್ಚುಮದ್ದನ್ನು ತಡಮಾಡದೆ ಕೊಟ್ಟು, 000ಕ್ಕೆ ಕರೆ ಮಾಡಬೇಕು. ವಿಕ್ಟೋರಿಯ ರಾಜ್ಯ 2008ರಲ್ಲಿ ಇದಕ್ಕಾಗಿಯೇ ಕಾನೂನು ಮಾಡಿತು. ಇಂಥ ಮಕ್ಕಳಿರುವ ಶಾಲೆಗಳು ಲಿಖಿತ ಯೋಜನೆಯನ್ನೂ ತರಬೇತಿ ಪಡೆದ ಸಿಬ್ಬಂದಿಯನ್ನೂ ಹೊಂದಿರಲೇಬೇಕು.

ಇದೆಲ್ಲ ಬಿಳಿಯರ ಕಾಯಿಲೆ, ನಮ್ಮ ಮಕ್ಕಳಿಗೆ ಬರುವುದಲ್ಲ ಎಂದು ಸಂಘದ ಊಟದ ಸಾಲುಗಳಲ್ಲಿ ಹೇಳುವವರನ್ನು ನಾನು ಕಂಡಿದ್ದೇನೆ. ಮೆಲ್ಬರ್ನಿನ ಸಂಶೋಧಕರು ಇದನ್ನು ಒಪ್ಪುವುದಿಲ್ಲ. ಇಲ್ಲಿ ಎರಡು ಸಾವಿರದ ಎಂಟುನೂರಕ್ಕೂ ಹೆಚ್ಚು ಒಂದು ವರ್ಷದ ಶಿಶುಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ನೂರಕ್ಕೆ ಮೂರು ಮಕ್ಕಳಿಗೆ ಶೇಂಗಾ ಅಲರ್ಜಿ ಕಂಡುಬಂದಿತ್ತು. ಅದೇ ಅಧ್ಯಯನದ ಮುಂದಿನ ವಿಶ್ಲೇಷಣೆಯಲ್ಲಿ, ಪೂರ್ವ ಏಷ್ಯಾದಲ್ಲಿ ಹುಟ್ಟಿದ ತಂದೆತಾಯಿಯರ ಮಕ್ಕಳಿಗೆ ಈ ಅಪಾಯ ಇನ್ನೂ ಹೆಚ್ಚೆಂದು ತಿಳಿಯಿತು. ವಿಕ್ಟೋರಿಯದ ಶಾಲಾಮಕ್ಕಳನ್ನು ಕುರಿತು 2016ರಲ್ಲಿ ಪ್ರಕಟವಾದ ಮತ್ತೊಂದು ಸಮೀಕ್ಷೆಯ ಫಲ ನನ್ನನ್ನು ಬಹುಕಾಲ ಯೋಚನೆಗೆ ಹಚ್ಚಿತು: ಏಷ್ಯಾದಲ್ಲಿ ಹುಟ್ಟಿ ಅನಂತರ ವಲಸೆ ಬಂದ ಮಕ್ಕಳಲ್ಲಿ ಈ ಅಲರ್ಜಿ ಕಡಿಮೆ, ಏಷ್ಯಾದ ಮೂಲದವರಿಗೆ ಇಲ್ಲಿಯೇ ಹುಟ್ಟಿದ ಮಕ್ಕಳಲ್ಲಿ ಹೆಚ್ಚು.

ಹಾಗೆಂದು ಮನೆಯಿಂದಲೇ ಶೇಂಗಾವನ್ನು ಓಡಿಸಬೇಕಾಗಿಲ್ಲ. ಇಸ್ರೇಲಿನ ಮಕ್ಕಳು ಹಲ್ಲು ಬರುವ ಮೊದಲೇ ಬಾಂಬಾ ಎಂಬ ಶೇಂಗಾ ಕುರುಕಲನ್ನು ಚೀಪುತ್ತಾರೆ. ಅಲ್ಲಿ ಈ ಅಲರ್ಜಿ ಬ್ರಿಟನ್ನಿನ ಯೆಹೂದಿ ಮಕ್ಕಳಲ್ಲಿದ್ದುದಕ್ಕಿಂತ ಬಹಳ ಕಡಿಮೆಯೆಂದು ಕಂಡ ವೈದ್ಯರು ಪ್ರಯೋಗವೊಂದನ್ನು ಕೈಗೊಂಡರು. ಎಳವೆಯಲ್ಲೇ ತಿನ್ನಿಸಿದರೆ ಅಪಾಯ ತಗ್ಗುತ್ತದೆಂದು 2015ರಲ್ಲಿ ಅದು ತೋರಿಸಿಕೊಟ್ಟಿತು. ಮರುವರ್ಷವೇ ಆಸ್ಟ್ರೇಲಿಯದ ವೈದ್ಯರ ಸಲಹೆಯೂ ಬದಲಾಗಿ, ಮೊದಲ ವರ್ಷದೊಳಗೇ ಶಿಶುವಿಗೆ ಶೇಂಗಾದ ರುಚಿ ತೋರಿಸಿರೆಂದು ಹೇಳತೊಡಗಿತು. (ಮೈಮೇಲೆ ತೀವ್ರ ಇಸುಬು ಇರುವ ಶಿಶುವಿನ ವಿಷಯದಲ್ಲಿ ವೈದ್ಯರನ್ನು ಮೊದಲು ಕೇಳಬೇಕು.) ಈ ಸುದ್ದಿಯನ್ನು ಕೇಳಿ ಅಮ್ಮ ಗೆದ್ದಳು. ನಮ್ಮ ಮನೆಯಲ್ಲಿ ಶೇಂಗಾ ಡಬ್ಬಿ ಇಂದಿಗೂ ಇದೆ, ಮೇಲಿನ ಹಲಗೆಯ ಮೇಲೆ. ಶಾಲೆಗೆ ಹೋಗುವ ಡಬ್ಬಿಗೂ ನೆಂಟರ ತಟ್ಟೆಗೂ ಅದು ಇಳಿಯುವುದಿಲ್ಲ.

ಹಾಗಾದರೆ ಏನನ್ನು ಕೊಡುವುದು? ಮೊದಲು ನನಗೆ ಧೈರ್ಯ ಕೊಟ್ಟವನು ಮೂರನೆಯ ಮಂಗರಸ. ಹದಿನಾರನೆಯ ಶತಮಾನದ ಆರಂಭದಲ್ಲಿ ಆತ ಷಟ್ಪದಿಯಲ್ಲಿ 'ಸೂಪಶಾಸ್ತ್ರ'ವೆಂಬ ಪಾಕಗ್ರಂಥವನ್ನೇ ಬರೆದ. ದಕ್ಷಿಣ ಅಮೆರಿಕದ ಶೇಂಗಾ ಆಗಲಿ ಮೆಣಸಿನಕಾಯಿಯಾಗಲಿ ಆ ಹೊತ್ತಿಗೆ ನಮ್ಮ ಅಡುಗೆಮನೆಯನ್ನು ಹೊಕ್ಕಿರಲೇ ಇಲ್ಲ. ಆದರೂ ಕನ್ನಡ ನಾಡಿನ ಮಕ್ಕಳು ಉಪವಾಸವಿರಲಿಲ್ಲವಷ್ಟೆ! ನಾನು ಪರಂಪರೆಯೆಂದು ಹಟ ಹಿಡಿದದ್ದು ನಮ್ಮ ನೆಲಕ್ಕೆ ತಡವಾಗಿ ಬಂದ ಅತಿಥಿಯನ್ನು.

ಎಲ್ಲಕ್ಕಿಂತ ಸುಲಭವಾದದ್ದು ರಾಗಿಯ ಹುರಿಹಿಟ್ಟು. ಅರಳಿನಂತೆ ಹುರಿದ ರಾಗಿಯನ್ನು ಬೀಸಿದ ಹಿಟ್ಟು ಇದು. ಭಾರತೀಯ ದಿನಸಿ ಅಂಗಡಿಗಳಲ್ಲಿ ಹುಡುಕಿದರೆ ಸಿಗುತ್ತದೆ, ಇಲ್ಲವೆ ಊರಿನಿಂದ ಬರುವವರು ತರುತ್ತಾರೆ (ವಿಮಾನ ನಿಲ್ದಾಣದ ಕಾಗದದಲ್ಲಿ ಆಹಾರವಿದೆಯೆಂದು ತಪ್ಪದೆ ಬರೆಯಲಿ). ಮೂರು ಚಮಚ ಹಿಟ್ಟಿಗೆ ಒಂದು ಚಮಚ ಬೆಲ್ಲದ ಪುಡಿ, ಚಿವುಟಿ ಹಾಕಿದ ಬಾಳೆಹಣ್ಣು, ಕಲಸುವಷ್ಟು ಬೆಚ್ಚನೆಯ ಹಾಲು. ಒಲೆ ಹಚ್ಚುವ ಕೆಲಸವೇ ಇಲ್ಲ. ಸಾಧಾರಣ ರಾಗಿಹಿಟ್ಟನ್ನು ಮಾತ್ರ ಹೀಗೆ ಹಸಿಯಾಗಿ ಕಲಸಬಾರದು, ಹೊಟ್ಟೆ ಮುನಿಯುತ್ತದೆ.

ಮಂಡಕ್ಕಿಯ ಒಗ್ಗರಣೆಗೆ ಹತ್ತು ನಿಮಿಷ. ನಾಲ್ಕು ಬಟ್ಟಲು ಮಂಡಕ್ಕಿ ಮೆತ್ತಗಾಗಿದ್ದರೆ ಐದು ನಿಮಿಷ ಬೆಚ್ಚನೆಯ ಓವನ್ನಿನಲ್ಲಿಡಿ. ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಅರಿಸಿನ, ಮಕ್ಕಳು ತಾಳುವಷ್ಟು ಖಾರ. ಶೇಂಗಾದ ಜಾಗಕ್ಕೆ ಸೂರ್ಯಕಾಂತಿ ಬೀಜ ಇಲ್ಲವೆ ಕುಂಬಳದ ಬೀಜ. ಬೀಜ ಚಟಪಟಿಸಿದ ಮೇಲೆ ಉರಿ ಆರಿಸಿ, ಉಪ್ಪು ಬೆರೆಸಿ, ಮಂಡಕ್ಕಿ ಸುರಿದು ತಿರುವಿದರೆ ಮುಗಿಯಿತು. ಚಿತ್ರದುರ್ಗ, ದಾವಣಗೆರೆಗಳ ಮಂಡಕ್ಕಿಯ ಗತ್ತು ಇದಕ್ಕೆ ಬಾರದು. ಆದರೆ ಬಟ್ಟಲು ಬರಿದಾಗುತ್ತದೆ. ಕರಿಬೇವಿನ ಕುಂಡವನ್ನು ಮೆಲ್ಬರ್ನಿನ ಚಳಿಗಾಲದಲ್ಲಿ ಒಳಗೆ ತಂದಿಟ್ಟುಕೊಳ್ಳುವುದು ಮರೆತರೆ ಮುಂದಿನ ವರ್ಷ ಒಗ್ಗರಣೆಗೆ ಕರಿಬೇವಿಲ್ಲ.

ದೋಸೆಯ ಹಿಟ್ಟು ಉಳಿದಿದ್ದರೆ ಈರುಳ್ಳಿ, ತುರಿದ ಕ್ಯಾರೆಟ್ಟು ಹಾಕಿ ಪಡ್ಡು. ಜುಲೈ ತಿಂಗಳಲ್ಲಿ ಇಲ್ಲಿ ಹಿಟ್ಟು ಹುಳಿ ಬರುವುದಿಲ್ಲವೆಂದು ಕೊರಗುವವರು ಪಾತ್ರೆಯನ್ನು ಓವನ್ನಿನೊಳಗಿಟ್ಟು ದೀಪವನ್ನು ಮಾತ್ರ ಹಚ್ಚಿಡಲಿ; ಬೆಳಗಾಗುವಷ್ಟರಲ್ಲಿ ಉಬ್ಬಿರುತ್ತದೆ. ಮದ್ದೂರು ವಡೆಯೂ ಶೇಂಗಾದ ಹಂಗಿಲ್ಲದ್ದು. 1917ರಲ್ಲಿ ಮದ್ದೂರಿನ ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುದ್ಯ ಅವರು ಮಾರಲಾರಂಭಿಸಿದ ಆ ವಡೆಗೆ ಅಕ್ಕಿಹಿಟ್ಟು, ರವೆ, ಸ್ವಲ್ಪ ಮೈದಾ, ಧಾರಾಳವಾಗಿ ಈರುಳ್ಳಿ ಇಷ್ಟೇ ಸಾಕು. ಓವನ್ನಿನಲ್ಲಿ ಬೇಯಿಸಿ ನೋಡಿದೆ. ಅದು ವಡೆಯಲ್ಲ, ಬಿಸ್ಕತ್ತು. ಭಾನುವಾರ ಎಣ್ಣೆಯಲ್ಲೇ ಕರಿದು, ಎರಡು ದಿನ ಇಟ್ಟುಕೊಂಡು ತಿನ್ನುವುದು ಲೇಸು.

ಸಿಡ್ನಿಯಲ್ಲಿರುವ ನನ್ನ ತಂಗಿಯ ಕಷ್ಟ ಬೇರೆ. ಅವಳ ಮಗಳ ಶಾಲೆಯಲ್ಲಿ 'ಕ್ರಂಚ್ ಅಂಡ್ ಸಿಪ್' ಎಂದು ಬೆಳಗಿನ ಹೊತ್ತು ಒಂದು ಬಿಡುವು. ಆಗ ಹಣ್ಣು, ತರಕಾರಿ, ನೀರು ಇವಿಷ್ಟೇ. ಅವಳು ಸೌತೆಕಾಯಿ, ಕ್ಯಾರೆಟ್ಟುಗಳನ್ನು ಹೆಚ್ಚಿ, ನಿಂಬೆಹುಳಿ, ಉಪ್ಪು, ಚಿಟಿಕೆ ಕಾಯಿತುರಿ ಸೇರಿಸಿ ಕಳುಹಿಸುತ್ತಾಳೆ. ಬೇಳೆಯಿಲ್ಲದ ಕೋಸಂಬರಿ! ರಾಮನವಮಿಯ ತಿಂಡಿ ಅಲ್ಲಿ ವಾರಕ್ಕೈದು ದಿನ ನಡೆಯುತ್ತಿದೆ. ನಮ್ಮಲ್ಲಿ 'ನ್ಯೂಡ್ ಫುಡ್' ದಿನವೆಂದು ಇನ್ನೊಂದು. ಹೆಸರು ಕೇಳಿ ಅಮ್ಮ ಕಿವಿ ಮುಚ್ಚಿಕೊಂಡಳು. ಪ್ಲಾಸ್ಟಿಕ್ ಹೊದಿಕೆಯಿಲ್ಲದೆ ಡಬ್ಬಿಯಲ್ಲಿ ಬರುವ ಆಹಾರವೆಂದಷ್ಟೇ ಅದರ ಅರ್ಥ. ನಾವು ತಲೆತಲಾಂತರದಿಂದ ಮಾಡುತ್ತಿರುವುದೂ ಅದನ್ನೇ.

ಇನ್ನು ಆ ಹುಡುಗನ ಕಥೆ. ಚೀಟಿಗೆ ಕಾರಣನಾದ ಮಗು ಕಾಲಕ್ರಮದಲ್ಲಿ ನನ್ನ ಮಗನ ಜೀವದ ಗೆಳೆಯನಾದ. ತಂದೆತಾಯಿ ವಿಯೆಟ್ನಾಮಿನಿಂದ ಬಂದವರು. ಮಗನ ಏಳನೆಯ ಹುಟ್ಟುಹಬ್ಬಕ್ಕೆ ಅವನು ಬರುವನೆಂದಾಗ ನಾನು ಉತ್ಸಾಹದಿಂದ ಹುರಿಗಡಲೆಯ ತಂಬಿಟ್ಟು ಮಾಡಿದೆ. ಒಂದು ಬಟ್ಟಲು ಹುರಿಗಡಲೆಯ ಪುಡಿ, ಅರ್ಧ ಬಟ್ಟಲು ಕೊಬ್ಬರಿ ತುರಿ, ಏಲಕ್ಕಿ. ಮುಕ್ಕಾಲು ಬಟ್ಟಲು ಬೆಲ್ಲವನ್ನು ಕಾಲು ಬಟ್ಟಲು ನೀರಿನಲ್ಲಿ ಕರಗಿಸಿ ಎರಡು ಕುದಿ ಬಂದೊಡನೆ ಇಳಿಸಿ, ಎರಡು ಚಮಚ ತುಪ್ಪ ಬೆರೆಸಿ, ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಕಲಸಿ, ಬಿಸಿಯಾಗಿರುವಾಗಲೇ ಉಂಡೆ ಕಟ್ಟಿದರೆ ಹದಿನೈದಾಗುತ್ತವೆ. ಎಳೆಪಾಕದ ಗೊಡವೆಯಿಲ್ಲ. ಇದರಲ್ಲಿ ಶೇಂಗಾ ಲವಲೇಶವೂ ಇಲ್ಲವೆಂದು ತಟ್ಟೆ ಮುಂದಿಟ್ಟೆ. ಹುಡುಗನ ತಾಯಿ ನಗುನಗುತ್ತಲೇ ಕೇಳಿದರು: "ಪೊಟ್ಟಣವನ್ನು ನೋಡಬಹುದೇ?"

ಹುರಿಗಡಲೆಯ ಪೊಟ್ಟಣದ ಬೆನ್ನಿನ ಮೇಲೆ, ಇರುವೆಯ ಗಾತ್ರದ ಅಕ್ಷರಗಳಲ್ಲಿ, ಶೇಂಗಾದ ಅಂಶ ಇರಬಹುದೆಂದು ಅಚ್ಚಾಗಿತ್ತು. ಒಂದೇ ಕಾರ್ಖಾನೆಯಲ್ಲಿ ಎರಡನ್ನೂ ಹುರಿದರೆ ಹೀಗಾಗುತ್ತದೆ. ವಸ್ತುವಿನಲ್ಲಿ ಶೇಂಗಾ ಬೆರೆತಿದ್ದರೆ ಅದನ್ನು ಪೊಟ್ಟಣದ ಮೇಲೆ ಹೇಳಲೇಬೇಕೆಂದು ಇಲ್ಲಿಯ ಕಾನೂನಿದೆ. 'ಇರಬಹುದು' ಎಂಬ ಎಚ್ಚರಿಕೆ ಮಾತ್ರ ತಯಾರಕರ ಇಚ್ಛೆಗೆ ಬಿಟ್ಟದ್ದು. ಆದ್ದರಿಂದ ಆ ಸಾಲು ಇಲ್ಲದ ಪೊಟ್ಟಣವೂ ನಿರಪಾಯವೆನ್ನಲಾಗದು ಎಂದು ಆಕೆ ತಾಳ್ಮೆಯಿಂದ ವಿವರಿಸಿದರು. ಆಸ್ಟ್ರೇಲಿಯದಲ್ಲಿ ಹೇರಳವಾಗಿ ಬೆಳೆಯುವ ಲೂಪಿನ್ ಎಂಬ ಕಾಳಿನ ಹಿಟ್ಟಿಗೂ ಶೇಂಗಾ ಒಗ್ಗದ ಕೆಲವರ ಮೈ ಹಾಗೆಯೇ ಪ್ರತಿಕ್ರಿಯಿಸಬಹುದೆಂದು ನಾನು ಮೊದಲು ಕೇಳಿದ್ದು ಆಕೆಯ ಬಾಯಿಂದಲೇ. ಆ ಸಂಜೆ ಹುಡುಗ ತಿಂದದ್ದು ಕಲ್ಲಂಗಡಿ ಹಣ್ಣು. ತಂಬಿಟ್ಟನ್ನು ನಾನು ತಟ್ಟೆಸಹಿತ ಒಳಗೆ ಒಯ್ದೆ, ಕೈ ನಡುಗುತ್ತಿತ್ತು.

ಮುಂದೆ ಹೇಳುವೆನೆಂದ ತೊಡಕು ಇದೇ. ನಮ್ಮ ಮಾತಿನಲ್ಲಿ ಕಡಲೆ, ಹುರಿಗಡಲೆ, ಕಡಲೆಕಾಯಿ, ಕಡಲೆಬೀಜ ಇವೆಲ್ಲ ಒಂದೇ ಮನೆಯ ಮಕ್ಕಳಂತೆ ಕೇಳಿಸುತ್ತವೆ. ಸಂಘದ ಅಡುಗೆಯ ಸಾಲಿನಲ್ಲಿ ನಿಂತ ಅಜ್ಜಿಯೊಬ್ಬರು "ಸ್ವಲ್ಪ ಕಡಲೆ ಹಾಕಿದೀನಮ್ಮ" ಎಂದರೆ ಅದು ಯಾವುದು? ಚಿತ್ರಾನ್ನದ ಪಾತ್ರೆಯ ಮುಂದೆ ಇದನ್ನು ಎರಡು ಬಾರಿ ಕೇಳಿ ತಿಳಿಯಬೇಕು, ಅಜ್ಜಿಗೆ ಬೇಸರವಾದರೂ ಸರಿಯೇ. ನಿಪ್ಪಟ್ಟು, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಈ ಮೂರರ ವಿಷಯದಲ್ಲಂತೂ ಕೇಳದೆ ಮಗುವಿನ ಕೈಗೆ ಕೊಡಬಾರದು.

ಮುಂದಿನ ಬಾರಿ ಹುಡುಗ ಬಂದಾಗ ರವೆ ಉಂಡೆ ಮಾಡಿದೆ. ರವೆ, ಸಕ್ಕರೆ, ಒಣ ಕೊಬ್ಬರಿ ತುರಿ, ಬೆಣ್ಣೆ ನಾಲ್ಕನ್ನೂ ಇಲ್ಲಿಯ ಸೂಪರ್ ಮಾರ್ಕೆಟ್ಟಿನಿಂದ ತಂದು, ಪೊಟ್ಟಣಗಳನ್ನು ಒಡೆಯುವ ಮೊದಲೇ ಚಿತ್ರ ತೆಗೆದು ಆಕೆಗೆ ಕಳುಹಿಸಿ, ಒಪ್ಪಿಗೆ ಬಂದ ಮೇಲೆ ಬಾಣಲೆ, ಸೌಟುಗಳನ್ನು ಸೋಪುನೀರಿನಲ್ಲಿ ತಿಕ್ಕಿ ತೊಳೆದು ಕೆಲಸಕ್ಕಿಳಿದೆ. ಬೆಣ್ಣೆ ಕಾಯಿಸಿದ ಎರಡು ದೊಡ್ಡ ಚಮಚ ತುಪ್ಪದಲ್ಲಿ ಒಂದು ಬಟ್ಟಲು ರವೆಯನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿಯಬೇಕು. ಇದಕ್ಕೆ ಹತ್ತು ನಿಮಿಷ ಬೇಕು, ಅವಸರ ಸಲ್ಲದು. ಕೊನೆಯಲ್ಲಿ ಅರ್ಧ ಬಟ್ಟಲು ಕೊಬ್ಬರಿ ಹಾಕಿ ಎರಡು ಸುತ್ತು ತಿರುವಿ, ಮುಕ್ಕಾಲು ಬಟ್ಟಲು ಸಕ್ಕರೆಪುಡಿ ಬೆರೆಸಿ, ಬಿಸಿ ಹಾಲನ್ನು ಚಿಮುಕಿಸುತ್ತ ಕಟ್ಟಬೇಕು. ಮಕ್ಕಳನ್ನು ಉಂಡೆ ಕಟ್ಟಲು ಕೂರಿಸಿದರೆ ಒಂದೊಂದು ಒಂದೊಂದು ಗಾತ್ರ. ಅದು ಅವರ ಲೆಕ್ಕ. ಹುಡುಗ ನಾಲ್ಕನ್ನು ತಿಂದ.

ಸಂಕ್ರಾಂತಿ ಇಲ್ಲಿ ಬೇಸಿಗೆಯ ರಜೆಯ ನಡುವೆ ಬರುತ್ತದೆ, ಕೆಲವು ವರ್ಷ ನಲವತ್ತು ಡಿಗ್ರಿ ಬಿಸಿಲಿನಲ್ಲಿ. ಎಳ್ಳುಬೆಲ್ಲದಲ್ಲಿ ಶೇಂಗಾ ಒಂದೇ ಅಲ್ಲ, ಎಳ್ಳೂ ಹಲವು ಮಕ್ಕಳಿಗೆ ಒಗ್ಗದ್ದು. ಈಗ ನಾನು ಎರಡು ಬಗೆ ಮಾಡುತ್ತೇನೆ. ಮೊದಲು ಹುಡುಗನದು: ಬೆಲ್ಲದ ಚೂರು, ಕೊಬ್ಬರಿ, ಸೂರ್ಯಕಾಂತಿ ಬೀಜ, ಮೇಲೆ ಸಕ್ಕರೆ ಅಚ್ಚಿನ ಒಂದು ಆನೆ. ಅದನ್ನು ಡಬ್ಬಿಗೆ ತುಂಬಿ ಮುಚ್ಚಿದ ಮೇಲೆಯೇ ಊರಿನ ಬಗೆಯದಕ್ಕೆ ಮೇಲಿನ ಹಲಗೆಯಿಂದ ಶೇಂಗಾ ಇಳಿಯುವುದು. ಕಳೆದ ಸಂಕ್ರಾಂತಿಯಂದು ಮಗನೇ ಡಬ್ಬಿಯನ್ನು ಅವರ ಮನೆಗೆ ಒಯ್ದ. ನಾನು ಹಿಂದೆ ನಿಂತಿದ್ದೆ. ಮುಚ್ಚಳಕ್ಕೆ ಅಂಟಿಸಿದ್ದ ನನ್ನ ಪಟ್ಟಿಯನ್ನು ಆ ತಾಯಿ ಮೇಲಿನಿಂದ ಕೆಳಗಿನವರೆಗೆ ಓದಿದರು, ಡಬ್ಬಿಯನ್ನು ತಿರುಗಿಸಿ ಇನ್ನೊಮ್ಮೆ ನೋಡಿದರು, ಅನಂತರ ಮುಚ್ಚಳ ತೆಗೆದು ಹುಡುಗನ ಮುಂದೆ ಹಿಡಿದರು. ಅವನು ಮೊದಲು ಕಚ್ಚಿದ್ದು ಆನೆಯ ಸೊಂಡಿಲನ್ನು.