ಬಿದ್ದು ನಗಿಸಿದವರಿಗೆ ಭಾಷೆಯ ಗಡಿ ಇರಲಿಲ್ಲ

ಕೆಸರಿನಲ್ಲಿ ಜಾರಿ ಬಿದ್ದವನನ್ನು ಕಂಡು ನಗಲು ಯಾವ ಭಾಷೆ ಬರಬೇಕು? ಯಾವುದೂ ಬೇಡ. ಬಿದ್ದವನು ಕನ್ನಡದವನೋ, ತಮಿಳಿನವನೋ, ಮರಾಠಿಯವನೋ ಎಂದು ವಿಚಾರಿಸಿಕೊಂಡು ಯಾರೂ ನಗುವುದಿಲ್ಲ. ಈ ಸಾದಾ ಸಂಗತಿಯನ್ನೇ ಬಂಡವಾಳ ಮಾಡಿಕೊಂಡು ಮೂಕಿ ಯುಗದ ಕಿರು ಹಾಸ್ಯ ಚಿತ್ರಗಳು ಮೂರು ದಶಕಗಳ ಕಾಲ ಜಗತ್ತನ್ನೇ ನಗಿಸಿದವು.

ಎಡವುವುದು, ಬೀಳುವುದು, ಒದೆ ತಿನ್ನುವುದು, ಮುಖದ ತುಂಬಾ ಕೆನೆ ಮೆತ್ತಿಸಿಕೊಳ್ಳುವುದು - ಇಂಥ ಮೈಯಾಟದ ಹಾಸ್ಯಕ್ಕೆ 'ಸ್ಲ್ಯಾಪ್‌ಸ್ಟಿಕ್' ಎಂಬ ಹೆಸರಿದೆ. ಹೆಸರು ಬಂದದ್ದು ಒಂದು ಕೋಲಿನಿಂದ. ಇಟಲಿಯ ಹಳೆಯ ಹಾಸ್ಯ ನಾಟಕಗಳಲ್ಲಿ ವಿದೂಷಕನ ಕೈಯಲ್ಲಿ ಎರಡು ಮರದ ಪಟ್ಟಿಗಳನ್ನು ಜೋಡಿಸಿದ ಕೋಲು ಇರುತ್ತಿತ್ತು. ಹೊಡೆದಾಗ ಪಟ್ಟಿಗಳು ಒಂದಕ್ಕೊಂದು ಬಡಿದು 'ಫಟ್' ಎಂದು ದೊಡ್ಡ ಸದ್ದು ಬರುತ್ತಿತ್ತು. ಪೆಟ್ಟು ಮಾತ್ರ ಅಷ್ಟಕ್ಕಷ್ಟೆ. ವಿಚಿತ್ರವೆಂದರೆ, ಸದ್ದಿನಿಂದ ಹೆಸರು ಪಡೆದ ಈ ಹಾಸ್ಯ ತನ್ನ ಉಚ್ಛ್ರಾಯ ಕಂಡದ್ದು ಸದ್ದೇ ಇಲ್ಲದ ಸಿನಿಮಾದಲ್ಲಿ.

ನೀರಿನ ಪೈಪಿನಿಂದ ಆರಂಭ

1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಲೂಮಿಯೇರ್ ಸಹೋದರರು ಟಿಕೆಟ್ ಇಟ್ಟು ತೋರಿಸಿದ ಮೊದಲ ಚಿತ್ರಗಳಲ್ಲಿ ಒಂದು ಹಾಸ್ಯ ಚಿತ್ರವೂ ಇತ್ತು. ಒಂದು ನಿಮಿಷಕ್ಕೂ ಕಡಿಮೆ ಅವಧಿಯದು. ತೋಟದವನು ಪೈಪಿನಿಂದ ಗಿಡಗಳಿಗೆ ನೀರು ಹಾಯಿಸುತ್ತಿದ್ದಾನೆ. ಹಿಂದಿನಿಂದ ಒಬ್ಬ ಹುಡುಗ ಬಂದು ಪೈಪನ್ನು ಕಾಲಿನಿಂದ ಮೆಟ್ಟುತ್ತಾನೆ. ನೀರು ನಿಲ್ಲುತ್ತದೆ. ಏನಾಯಿತೆಂದು ತೋಟದವನು ಪೈಪಿನ ಬಾಯಿಗೆ ಕಣ್ಣಿಟ್ಟು ನೋಡುತ್ತಾನೆ. ಹುಡುಗ ಕಾಲು ತೆಗೆಯುತ್ತಾನೆ. ಮುಂದಿನದು ನಿಮಗೇ ಗೊತ್ತು.

ಈ ಹಾಸ್ಯದ ಗುಟ್ಟು ಅದರಲ್ಲೇ ಇದೆ. ನೋಡುವವರಿಗೆ ಎಲ್ಲವೂ ಮೊದಲೇ ತಿಳಿದಿರುತ್ತದೆ, ತೋಟದವನಿಗೆ ಮಾತ್ರ ತಿಳಿದಿಲ್ಲ. ನಗು ಹುಟ್ಟುವುದು ನೀರು ಚಿಮ್ಮಿದಾಗ ಅಲ್ಲ, ಅವನು ಪೈಪಿಗೆ ಮುಖ ಒಡ್ಡಿದಾಗಲೇ. ಇದನ್ನು ಹೇಳಲು ಒಂದು ಮಾತೂ ಬೇಕಾಗಲಿಲ್ಲ.

ಚಾಪ್ಲಿನ್ ಬಂದರು

1912ರಲ್ಲಿ ಮ್ಯಾಕ್ ಸೆನೆಟ್ ಅಮೆರಿಕದಲ್ಲಿ ಕೀಸ್ಟೋನ್ ಕಂಪನಿ ಕಟ್ಟಿ ಲಾಸ್ ಏಂಜಲೀಸ್‌ನಲ್ಲಿ ಇಂಥ ಚಿತ್ರಗಳನ್ನು ಒಂದರ ಮೇಲೊಂದರಂತೆ ತಯಾರಿಸತೊಡಗಿದರು. ಒಂದು ರೀಲು ಎಂದರೆ ಸುಮಾರು ಸಾವಿರ ಅಡಿ ಫಿಲ್ಮು. ಓಡುವುದು ಹತ್ತರಿಂದ ಹದಿನೈದು ನಿಮಿಷ. ಹೆಚ್ಚಿನ ಹಾಸ್ಯ ಚಿತ್ರಗಳು ಒಂದು ಇಲ್ಲವೇ ಎರಡು ರೀಲಿನವು. ಆಗ ಕ್ಯಾಮೆರಾದ ಹಿಡಿಕೆಯನ್ನು ಕೈಯಿಂದ ತಿರುಗಿಸಬೇಕಿತ್ತು. ನಿಧಾನವಾಗಿ ತಿರುಗಿಸಿ ತೆಗೆದದ್ದನ್ನು ವೇಗವಾಗಿ ಓಡಿಸಿದರೆ ಪರದೆಯ ಮೇಲೆ ಜನ ದಡಬಡನೆ ಓಡಾಡುತ್ತಾರೆ. ಕೀಸ್ಟೋನಿನ ಪೊಲೀಸರು ಒಂದೇ ಕಾರಿನಲ್ಲಿ ತುಂಬಿಕೊಂಡು ಬಂದು ಉರುಳಿ ಬೀಳುವ ದೃಶ್ಯಗಳಲ್ಲಿ ಈ ಉಪಾಯವನ್ನು ಚೆನ್ನಾಗಿ ಬಳಸಲಾಯಿತು. ಇದೇ ಕಂಪನಿಯಲ್ಲಿ ಮೇಬಲ್ ನಾರ್ಮಂಡ್ ಎಂಬ ನಟಿ ನಟಿಸುವುದರ ಜೊತೆಗೆ ಚಿತ್ರಗಳನ್ನು ನಿರ್ದೇಶಿಸುತ್ತಲೂ ಇದ್ದರು.

ಲಂಡನ್ನಿನ ಬಡತನದಲ್ಲಿ ಬೆಳೆದು ನಾಟಕ ಕಂಪನಿಯಲ್ಲಿ ಪಳಗಿದ ಚಾರ್ಲಿ ಚಾಪ್ಲಿನ್ ಕೀಸ್ಟೋನಿಗೆ ಸೇರಿದ್ದು 1913ರ ಕೊನೆಯಲ್ಲಿ. ಬಿಗಿ ಕೋಟು, ದೊಗಲೆ ಪ್ಯಾಂಟು, ದೊಡ್ಡ ಬೂಟು, ಬೆತ್ತ, ತುಂಡು ಮೀಸೆಯ ಅಲೆಮಾರಿ ಜನರ ಕಣ್ಣಿಗೆ ಮೊದಲು ಬಿದ್ದದ್ದು 1914ರ ಫೆಬ್ರವರಿಯಲ್ಲಿ. ಆ ಚಿತ್ರದಲ್ಲಿ ಕಥೆ ಎಂಬುದೇ ಇಲ್ಲ. ಮಕ್ಕಳ ಕಾರು ಪಂದ್ಯವನ್ನು ಚಿತ್ರೀಕರಿಸುತ್ತಿರುವ ಕ್ಯಾಮೆರಾಕ್ಕೆ ಈತ ಮತ್ತೆ ಮತ್ತೆ ಅಡ್ಡ ಬಂದು ನಿಲ್ಲುತ್ತಾನೆ, ಅಷ್ಟೆ. ಊರ ಜಾತ್ರೆಯಲ್ಲಿ ಟೀವಿ ಕ್ಯಾಮೆರಾದ ಮುಂದೆ ನುಗ್ಗುವವರನ್ನು ಕಂಡವರಿಗೆ ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ.

ಮೂರೇ ವರ್ಷಗಳಲ್ಲಿ ಅದೇ ಅಲೆಮಾರಿ ಎಲ್ಲಿಗೆ ಬೆಳೆದ ಎಂಬುದಕ್ಕೆ 1917ರ 'ದಿ ಇಮಿಗ್ರಂಟ್' ಸಾಕ್ಷಿ. ಬದುಕು ಅರಸಿ ಅಮೆರಿಕಕ್ಕೆ ಹೊರಟ ವಲಸಿಗರ ಹಡಗು. ಅಲೆಮಾರಿ ನಮಗೆ ಬೆನ್ನು ಹಾಕಿ ಹಡಗಿನ ಅಂಚಿನಲ್ಲಿ ಬಗ್ಗಿದ್ದಾನೆ, ಮೈ ನಡುಗುತ್ತಿದೆ. ಪಾಪ, ವಾಂತಿ ಮಾಡುತ್ತಿದ್ದಾನೆ ಎಂದುಕೊಳ್ಳುತ್ತೇವೆ. ಇತ್ತ ತಿರುಗಿದರೆ ಕೈಯಲ್ಲೊಂದು ಮೀನು! ಆಮೇಲೆ ದೂರದಲ್ಲಿ ಸ್ವಾತಂತ್ರ್ಯ ದೇವಿಯ ಪ್ರತಿಮೆ ಕಾಣುತ್ತದೆ. ಎಲ್ಲರೂ ಭಕ್ತಿಯಿಂದ ನೋಡುತ್ತಿರುವಾಗಲೇ ಅಧಿಕಾರಿಗಳು ಬಂದು ಅವರನ್ನು ದನಗಳ ಹಾಗೆ ಹಗ್ಗದ ಹಿಂದೆ ಒತ್ತರಿಸುತ್ತಾರೆ. ಸಂದರ್ಭ ನೋಡಿ ಅಲೆಮಾರಿ ಅಧಿಕಾರಿಯ ಹಿಂಭಾಗಕ್ಕೆ ಒಂದು ಒದೆ ಕೊಡುತ್ತಾನೆ. ಒದೆ ಹಳೆಯದೇ, ಆದರೆ ಈ ಸಲ ಅದು ಬಿದ್ದದ್ದು ಬೀಳಬೇಕಾದ ಜಾಗಕ್ಕೆ. ಕಚೇರಿಯ ಬಾಗಿಲಲ್ಲಿ ಕಾದು ನಿಂತವರು ಯಾವ ದೇಶದಲ್ಲಿದ್ದರೂ ಇಲ್ಲಿ ನಕ್ಕೇ ನಗುತ್ತಾರೆ.

ಮನೆ ಕಟ್ಟಿ ನೋಡು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಬಸ್ಟರ್ ಕೀಟನ್ ಕೇಳಿರಲಾರರು. ಆದರೆ 1920ರ ಅವರ 'ಒನ್ ವೀಕ್' ನೋಡಿದರೆ ಗಾದೆಗೇ ಸಿನಿಮಾ ಮಾಡಿದ ಹಾಗಿದೆ. ಹೊಸದಾಗಿ ಮದುವೆಯಾದ ಜೋಡಿಗೆ ಉಡುಗೊರೆಯಾಗಿ ಬಿಡಿಭಾಗಗಳ ಮನೆಯೊಂದು ಸಿಗುತ್ತದೆ. ಪೆಟ್ಟಿಗೆಗಳ ಮೇಲಿನ ಸಂಖ್ಯೆಯ ಪ್ರಕಾರ ಜೋಡಿಸಿದರೆ ಮನೆ ಸಿದ್ಧ. ಹುಡುಗಿಯನ್ನು ಮದುವೆಯಾಗಲು ಆಸೆಪಟ್ಟಿದ್ದ ಇನ್ನೊಬ್ಬ ಗುಟ್ಟಾಗಿ ಆ ಸಂಖ್ಯೆಗಳನ್ನೇ ತಿದ್ದಿಬಿಡುತ್ತಾನೆ. ಎದ್ದು ನಿಂತ ಮನೆ ಸೊಟ್ಟಂಬಟ್ಟ. ಬಿರುಗಾಳಿ ಬೀಸಿದಾಗ ಅದು ಬುಗುರಿಯಂತೆ ತಿರುಗುತ್ತದೆ. ಕೊನೆಗೆ ಬೇರೆ ಜಾಗಕ್ಕೆ ಎಳೆದೊಯ್ಯುವಾಗ ರೈಲು ಹಳಿಯ ಮೇಲೆ ಸಿಕ್ಕಿಬೀಳುತ್ತದೆ. ರೈಲು ಬರುತ್ತಿದೆ! ಇಬ್ಬರೂ ಕಣ್ಣು ಮುಚ್ಚಿಕೊಳ್ಳುತ್ತಾರೆ. ರೈಲು ಪಕ್ಕದ ಹಳಿಯಲ್ಲಿ ಹಾದುಹೋಗುತ್ತದೆ. ಅಬ್ಬಾ ಎಂದು ಉಸಿರು ಬಿಡುವಷ್ಟರಲ್ಲಿ ಎದುರು ದಿಕ್ಕಿನಿಂದ ಇನ್ನೊಂದು ರೈಲು ಬಂದು ಮನೆಯನ್ನು ಪುಡಿಪುಡಿ ಮಾಡುತ್ತದೆ. ಕೀಟನ್ ಆ ಅವಶೇಷಕ್ಕೆ 'ಮಾರಾಟಕ್ಕಿದೆ' ಎಂಬ ಫಲಕ ಸಿಕ್ಕಿಸಿ, ಹೆಂಡತಿಯ ಕೈ ಹಿಡಿದು ಹೊರಟುಬಿಡುತ್ತಾನೆ. ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ.

ನಗುವಿಗೆ ತೆತ್ತ ಬೆಲೆ

ಇಂದಿನಂತೆ ಕಂಪ್ಯೂಟರಿನಲ್ಲಿ ಬೀಳಿಸುವ ಅನುಕೂಲ ಆಗ ಇರಲಿಲ್ಲ. 'ಒನ್ ವೀಕ್'ನ ಮನೆಯನ್ನು ನಿಜವಾಗಿಯೇ ಕಟ್ಟಿ, ತಿರುಗುವ ಅಡಿಪಾಯದ ಮೇಲೆ ಕೂರಿಸಿ ತಿರುಗಿಸಿದರು. ಕೀಟನ್ ಚಿಕ್ಕ ಮಗುವಾಗಿದ್ದಾಗಿನಿಂದ ತಂದೆ ತಾಯಿಯ ಜೊತೆ ರಂಗದ ಮೇಲೆ ಎಸೆಯಲ್ಪಟ್ಟು, ಬಿದ್ದು ಅಭ್ಯಾಸವಾದವರು. ಆದರೂ 1924ರಲ್ಲಿ 'ಷರ್ಲಾಕ್ ಜೂನಿಯರ್' ಚಿತ್ರೀಕರಣದಲ್ಲಿ ನೀರಿನ ರಭಸಕ್ಕೆ ಹಳಿಯ ಮೇಲೆ ಬಿದ್ದಾಗ ಅವರ ಕುತ್ತಿಗೆಯ ಮೂಳೆ ಮುರಿದಿತ್ತು. ಅದು ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ, ವೈದ್ಯಕೀಯ ತಪಾಸಣೆಯಲ್ಲಿ. ಇನ್ನೊಬ್ಬ ಹಾಸ್ಯನಟ ಹ್ಯಾರಲ್ಡ್ ಲಾಯ್ಡ್ 1919ರಲ್ಲಿ ಫೋಟೋ ತೆಗೆಸುವಾಗ ಹುಸಿಬಾಂಬೆಂದು ಹಿಡಿದದ್ದು ಸಿಡಿದು ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಕಳೆದುಕೊಂಡರು. 1923ರ 'ಸೇಫ್ಟಿ ಲಾಸ್ಟ್' ಚಿತ್ರದಲ್ಲಿ ಅವರು ಗಡಿಯಾರದ ಮುಳ್ಳಿಗೆ ಜೋತು ಬಿದ್ದ ದೃಶ್ಯ ಪ್ರಸಿದ್ಧ. ಆ ಕೈಯಲ್ಲಿ ಇದ್ದದ್ದು ಮೂರೇ ಬೆರಳು. ಉಳಿದೆರಡು ಕೈಗವಸಿನೊಳಗಿನ ಕೃತಕ ಬೆರಳುಗಳು.

ಮಾತು ಬಂತು, ಗಡಿಯೂ ಬಂತು

ಮೂಕಿ ಚಿತ್ರಗಳಲ್ಲಿ ಅಲ್ಲಲ್ಲಿ ಬರಹದ ಕಾರ್ಡುಗಳು ಬರುತ್ತಿದ್ದವು. ಚಿತ್ರ ಬೇರೆ ದೇಶಕ್ಕೆ ಹೋದಾಗ ಆ ಕಾರ್ಡುಗಳನ್ನು ಕತ್ತರಿಸಿ ಅಲ್ಲಿನ ಭಾಷೆಯವನ್ನು ಸೇರಿಸಿದರೆ ಮುಗಿಯಿತು. ಹಾಗಾಗಿ ಅಮೆರಿಕದ ಅಲೆಮಾರಿ ಫ್ರಾನ್ಸಿನಲ್ಲೂ ಜಪಾನಿನಲ್ಲೂ ಅಲ್ಲಿನವನೇ ಆದ.

1927ರಲ್ಲಿ 'ದಿ ಜಾಝ್ ಸಿಂಗರ್' ಬಂದ ಮೇಲೆ ಲೆಕ್ಕ ಬದಲಾಯಿತು. ಲಾರೆಲ್ ಮತ್ತು ಹಾರ್ಡಿ ಜೋಡಿಯ ಟಾಕಿಗಳಿಗೆ ಯುರೋಪಿನಲ್ಲಿ ಬೇಡಿಕೆ ಇತ್ತು, ಆದರೆ ಇಂಗ್ಲಿಷ್ ಅಲ್ಲಿ ನಡೆಯುವಂತಿರಲಿಲ್ಲ. ಅದಕ್ಕಾಗಿ ಅವರು ಒಂದೇ ಚಿತ್ರವನ್ನು ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ ಮತ್ತೆ ಮತ್ತೆ ನಟಿಸಬೇಕಾಯಿತು. ಆ ಭಾಷೆಗಳು ಬಾರದ ಅವರು ಉಚ್ಚಾರಣೆಯನ್ನು ಹಲಗೆಯ ಮೇಲೆ ಬರೆಸಿಕೊಂಡು ಓದಿದರು. ಬೀಳುವಾಗ ಬೇಕಿಲ್ಲದ ಅನುವಾದ, ಬಾಯಿ ಬಿಟ್ಟ ಕೂಡಲೇ ಬೇಕಾಯಿತು. ಭಾರತದಲ್ಲೂ ಅದೇ ಕಥೆ. 1931ರಲ್ಲಿ 'ಆಲಂ ಆರಾ', 1934ರಲ್ಲಿ ಕನ್ನಡದ 'ಸತಿ ಸುಲೋಚನ', 1938ರಲ್ಲಿ ಮಲಯಾಳಂನ 'ಬಾಲನ್' - ಸಿನಿಮಾ ಭಾಷೆಗೊಂದರಂತೆ ಕವಲೊಡೆಯಿತು.

ಇದನ್ನು ಮೊದಲೇ ಕಂಡ ಚಾಪ್ಲಿನ್ ಬಹುಕಾಲ ಮಾತನಾಡಲು ಒಪ್ಪಲಿಲ್ಲ. 1936ರ 'ಮಾಡರ್ನ್ ಟೈಮ್ಸ್'ನಲ್ಲಿ ಅಲೆಮಾರಿ ಕೊನೆಗೂ ಬಾಯಿ ತೆರೆದು ಒಂದು ಹಾಡು ಹಾಡಿದ. ಫ್ರೆಂಚೂ ಅಲ್ಲದ, ಇಟಾಲಿಯನ್ನೂ ಅಲ್ಲದ, ಯಾವ ದೇಶದ್ದೂ ಅಲ್ಲದ ಪದಗಳು. ಅಭಿನಯದಿಂದಲೇ ಹಾಡಿನ ಅರ್ಥ ಎಲ್ಲರಿಗೂ ತಿಳಿಯಿತು.

ಮಾತಿಲ್ಲದ ಹಾಸ್ಯದ ಶಕ್ತಿ ನಮ್ಮ ಕಡೆಯೂ ಒಮ್ಮೆ ರುಜುವಾತಾಗಿದೆ. 1987ರಲ್ಲಿ ಸಿಂಗೀತಂ ಶ್ರೀನಿವಾಸರಾವ್ ಬೆಂಗಳೂರಿನಲ್ಲಿ ಚಿತ್ರೀಕರಿಸಿದ, ಕಮಲ್ ಹಾಸನ್ ನಟಿಸಿದ ಸಂಭಾಷಣೆಯೇ ಇಲ್ಲದ ಚಿತ್ರ ಕನ್ನಡದಲ್ಲಿ 'ಪುಷ್ಪಕ ವಿಮಾನ', ತೆಲುಗಿನಲ್ಲಿ 'ಪುಷ್ಪಕ ವಿಮಾನಂ', ತಮಿಳಿನಲ್ಲಿ 'ಪೇಸುಂ ಪಡಂ', ಹಿಂದಿಯಲ್ಲಿ 'ಪುಷ್ಪಕ್' ಆಯಿತು. ಬದಲಾದದ್ದು ಹೆಸರು ಮಾತ್ರ.

'ಒನ್ ವೀಕ್', 'ದಿ ಇಮಿಗ್ರಂಟ್' ಎರಡೂ ಇಂದು ಇಂಟರ್ನೆಟ್‌ನಲ್ಲಿ ಉಚಿತವಾಗಿ ನೋಡಲು ಸಿಗುತ್ತವೆ. ತಲಾ ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ಎಂದು ದಿನ ದೂಡುವ ಗಡಿನಾಡಿನವರು ಅಜ್ಜಿ, ಮೊಮ್ಮಕ್ಕಳ ಜೊತೆ ಕುಳಿತು ಒಮ್ಮೆ ನೋಡಬಹುದು. ಯಾರೂ ಯಾರಿಗೂ ಅರ್ಥ ಹೇಳಿಕೊಡಬೇಕಾಗಿಲ್ಲ.